ಎಮ್ಮೆಬಂಡೆಯ ತಂತಿದಾರಿ

ಸೆಪ್ಟೆಂಬರ್ 28, ಭಾನುವಾರ

ನನಗೊಂದು ಹೊಸ ಹೆಸರು ಬಂದಿದೆ, ಬೇಡಮ್ಮ. ಇಟ್ಟವನು ಮಲ್ಲೇಶ, ನಮ್ಮ ಜೀಪು ಓಡಿಸುವವನು, ಜನರೇಟರ್ ನೋಡಿಕೊಳ್ಳುವವನು. ಎದುರಿಗಿದ್ದರೆ ಲೋಹಿತಕ್ಕ, ಬೆನ್ನು ತಿರುಗಿಸಿದರೆ ಬೇಡಮ್ಮ. "ಬೇಡಮ್ಮ ಬಂದ್ಲು, ಬೀಡಿ ಆರುಸ್ರಲಾ" ಎಂದು ಅವನು ಡ್ರಿಲ್ ಹಿಡಿಯುವವರಿಗೆ ಹೇಳಿದ್ದು ಇವತ್ತು ನನ್ನ ಕಿವಿಗೇ ಬಿತ್ತು. ಕೋಪ ಬರಲಿಲ್ಲ, ಹೆಮ್ಮೆಯಾಯಿತು. ಬಂಡೆಯ ಕೆಲಸದಲ್ಲಿ ಬೇಡ ಎನ್ನುವ ಬಾಯಿ ಒಂದಾದರೂ ಇರಬೇಕು. ಅದು ನನ್ನದೇ ಆಗಿರಲಿ.

ಈ ಹೆಸರು ಬಂದದ್ದು ಒಂದು ಬೋಲ್ಟಿನಿಂದ. ಎಮ್ಮೆಬಂಡೆಯ ಪಕ್ಕೆಗೆ, ಮೇಕೆಯೂ ಹತ್ತದ ಕಡೆ, ಬುಡದಿಂದ ನೆತ್ತಿಯವರೆಗೆ ಕಬ್ಬಿಣದ ಕಂಬಿಗಳನ್ನು ಮೆಟ್ಟಿಲ ಹಾಗೆ ಬಡಿದು, ಪಕ್ಕದಲ್ಲೇ ಉಕ್ಕಿನ ತಂತಿ ಎಳೆದಿದ್ದೇವೆ. ಬೋರ್ಡಿನ ಮೇಲೆ ವಯಾ ಫೆರಾಟಾ ಎಂದಿದೆ. ಚನ್ನರಾಯನದುರ್ಗದ ಜನ ತಂತಿದಾರಿ ಎನ್ನುತ್ತಾರೆ. ಮಲ್ಲೇಶ ಪರೋಟ ಎನ್ನುತ್ತಾನೆ. ಹತ್ತುವವರ ಸೊಂಟಕ್ಕೊಂದು ಬೆಲ್ಟು, ಬೆಲ್ಟಿನಿಂದ ಎರಡು ನೈಲಾನ್ ಪಟ್ಟಿ, ಪಟ್ಟಿಯ ತುದಿಗೆ ಕೊಕ್ಕೆ. ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿಕೊಂಡು ಹತ್ತಬೇಕು. ಕಾಲು ಜಾರಿದರೆ ಹಿಡಿದುಕೊಳ್ಳುವುದು ಆ ಜೋಡಿಪಟ್ಟಿ ಮಾತ್ರ, ದೇವರೂ ಆಮೇಲೆಯೇ. ದಸರೆಗೆ ಉದ್ಘಾಟನೆ ಎಂದು ಮಾಲೀಕರು ನಾಗಭೂಷಣ್ ಕೊರಟಗೆರೆ ತುಂಬ ಹೇಳಿಕೊಂಡು ಬಂದಿದ್ದರು. ಕಳೆದ ವಾರ ನಾನು ಸುತ್ತಿಗೆ ಹಿಡಿದು ಒಂದೊಂದೇ ಬೋಲ್ಟನ್ನು ಬಡಿದು ನೋಡುತ್ತ ಹೋದಾಗ, ಬಂಡೆಗೆ ಅಡ್ಡಲಾಗಿ ಸಾಗುವ ಕಡೆ ಒಂದು ಅಲುಗಿತು. ಬೇಡ ಅಂದೆ. ಉದ್ಘಾಟನೆ ರಾಜ್ಯೋತ್ಸವಕ್ಕೆ ಹೋಯಿತು. ನಾಗಭೂಷಣ್ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

ನಮ್ಮ ಕಡೆಯ ಒಳ್ಳೆಯ ಗೈಡ್ ಅಯಾಜ್. ಶಿರಾದವನು, ಮೊದಲು ವೆಲ್ಡಿಂಗ್ ಮಾಡುತ್ತಿದ್ದ. ಕಂಬಿ ಬಡಿಯಲು ಬಂದವನು ಬಂಡೆಗೇ ಅಂಟಿಕೊಂಡ. ಸಂಜೆ ಅವನು ಟೀ ಲೋಟ ಕೈಗಿಡುತ್ತ, "ಅವ್ರು ಏನಾರ ಅನ್ಕಳ್ಲಿ ಅಕ್ಕ. ನೀವು ನೋಡಿದೀರ ಅಂದ್ರೆ ನಾನು ಕಣ್ಮುಚ್ಕೊಂಡ್ ಹತ್ತೀನಿ" ಅಂದ. ಹತ್ತುವಾಗ ಕಣ್ಣು ತೆರೆದುಕೊಂಡೇ ಇರು ಮಾರಾಯ ಅಂದೆ.

ಮನೆಗೆ ಬಂದರೆ ಪ್ರಿಯಾಂಕ ಹೋಂವರ್ಕ್ ಬಿಟ್ಟು ನನ್ನ ಬೂಟು ಒರೆಸುತ್ತ ಕೂತಿದ್ದಳು. ಎಂಟನೇ ಕ್ಲಾಸು. ಅವಳ ಅಪ್ಪ ಅವನ ದಾರಿ ಹಿಡಿದ ಮೇಲೆ ನಾನು ಉತ್ತರಕಾಶಿಯ ಕಡೆ ಬೆಟ್ಟ ಹತ್ತಿಸುತ್ತ ದುಡಿದೆ, ಇವಳು ಬಡವನಹಳ್ಳಿಯಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದಳು. ಮನೆಯಿಂದ ಹೋಗಿ ಮನೆಗೆ ಬರುವ ಕೆಲಸ ನನಗೆ ಸಿಕ್ಕಿರುವುದು ಇದೇ ಮೊದಲು. ಈ ತಂತಿದಾರಿ ನಡೆದರೆ ನಾನು ಇಲ್ಲಿ. ನಡೆಯದಿದ್ದರೆ ಮತ್ತೆ ರೈಲು.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಬೆಳಿಗ್ಗೆಯಿಂದ ಬಂಡೆಯ ಬುಡದ ಶೆಡ್ಡಿನಲ್ಲಿ ಹಬ್ಬವೋ ಹಬ್ಬ. ಅಮ್ಮನ ದೊಡ್ಡ ಜಮಖಾನ ಕೇಳಿ ತಂದಿದ್ದೆ. ಅದರ ಮೇಲೆ ಡ್ರಿಲ್ಲು, ಸುತ್ತಿಗೆ, ಸ್ಪ್ಯಾನರು, ಹಗ್ಗದ ಸುರುಳಿ, ಹೆಲ್ಮೆಟ್ಟು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಬಳಿದೆವು. ಮಲ್ಲೇಶ ಜೀಪು ತೊಳೆದು, ಹಿಂದಿನ ದಿನವೇ ಬ್ಯಾಟರಿ ಬಿಚ್ಚಿ ಅದನ್ನೂ ಉಜ್ಜಿ ಮಿಂಚಿಸಿ ತಂದು ನಡುಮಧ್ಯೆ ಕೂರಿಸಿದ. "ಜೀಪಿನ ಜೀವ ಇದ್ರಲ್ಲೇ ಅಲ್ವೇನಕ್ಕ ಇರಾದು? ಹೊರ್ಗಿನ ತಗ್ಡಿಗೆ ಪೂಜೆ ಮಾಡಿ ಏನ್ ಬಂತು" ಅಂದ. ಸೇವಂತಿಗೆ ಹಾರ ಸಾಲಲಿಲ್ಲ. ಜೋಡಿಪಟ್ಟಿಗಳನ್ನೆಲ್ಲ ತಂದು ಬ್ಯಾಟರಿಯ ಸುತ್ತ ಹಾರದ ಹಾಗೆ ಸುತ್ತಿದ. ಕೆಂಪು ಹಳದಿ ಪಟ್ಟಿಗಳು, ನಡುವೆ ವಿಭೂತಿ ಬಳಿದುಕೊಂಡ ಬ್ಯಾಟರಿ, ನೋಡಲು ಲಿಂಗಕ್ಕೆ ಅಲಂಕಾರ ಮಾಡಿದ ಹಾಗಿತ್ತು. ನಾನೂ ಫೋನಿನಲ್ಲಿ ಫೋಟೋ ತೆಗೆದೆ.

ಮಂಗಳಾರತಿ ಆಗಿ, ತೆಂಗಿನಕಾಯಿ ಒಡೆದು, ಬೂದುಗುಂಬಳ ಒಡೆಯಲು ಎಲ್ಲರೂ ಹೊರಗೆ ನುಗ್ಗುವಾಗ ಯಾರದೋ ಕಾಲು ತಗುಲಿ ಬ್ಯಾಟರಿ ಮಗುಚಿತು. ಮಲ್ಲೇಶ ಎತ್ತಿ ನಿಲ್ಲಿಸಿದ. ಜಮಖಾನ, ಪಟ್ಟಿ ಎಲ್ಲ ಒದ್ದೆ. ಕಾಯಿನೀರು ಅಂತ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕಡ್ಲೆಪುರಿ, ಖಾರಾಬೂಂದಿ ಹಂಚಿದ್ದಾಯಿತು. ಅಯಾಜ್ ತನ್ನ ಪಾಲಿನದನ್ನು ಮನೆಯಾಕೆ ತಮನ್ನಾಗೆ ಅಂತ ಪೊಟ್ಟಣ ಕಟ್ಟಿಕೊಂಡ. ಎಲ್ಲ ಮುಗಿದ ಮೇಲೆ ನಾನು ಪಟ್ಟಿಗಳನ್ನು ಸೋಪುನೀರಿನ ಬಕೆಟ್ಟಿನಲ್ಲಿ ಅದ್ದಿ ವಿಭೂತಿ ಕುಂಕುಮ ತೊಳೆದು, ನೆರಳಿನಲ್ಲಿ ಹರವಿ ಬಂದೆ.

ನನ್ನ ಸ್ವಂತದ ಬೆಲ್ಟು, ಜೋಡಿಪಟ್ಟಿಯ ಸೆಟ್ಟು ಮಾತ್ರ ಮನೆಯಲ್ಲೇ ಇತ್ತು. ಅಮ್ಮ ಅದನ್ನು ತನ್ನ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟು ಎರಡಕ್ಕೂ ಒಂದೇ ಹೂ ಮುಡಿಸಿದ್ದಳು.

ಅಕ್ಟೋಬರ್ 6, ಸೋಮವಾರ

ಸಂಜೆ ಅಮ್ಮ ಜಮಖಾನ ಕೊಡವುತ್ತ ಕೂಗಿದಳು. "ಏನೇ ಮಾಡ್ದೆ ಇದುಕ್ಕೆ? ನೋಡಿಲ್ಲಿ, ತೂತು!"

ಇಲಿ ಕಡಿದಿರಬೇಕು ಅಂದೆ.

"ಇಲಿ ಕಡುದ್ರೆ ದಾರ ಹಿಂಜ್ಕಂಡಿರ್ತದೆ ಕಣೆ. ಇದು ಮುಟ್ಟುದ್ರೆ ಪುಡಿಪುಡಿ ಆಯ್ತದೆ."

ಹತ್ತಿರ ಹೋಗಿ ಮುಟ್ಟಿದೆ. ಅಂಗೈಯಗಲ ಬಟ್ಟೆ ಬೆರಳಿಗೆ ಬೂದಿಯ ಹಾಗೆ ಬಂತು. ತೂತಿನ ಅಂಚು ಸುಟ್ಟಂತೆ ಕಂದಾಗಿತ್ತು. ಜಮಖಾನದ ಯಾವ ಜಾಗ ಎಂದು ನೋಡಿದೆ. ನಡುಮಧ್ಯೆ.

ಮಲ್ಲೇಶನಿಗೆ ಫೋನ್ ಮಾಡಿದೆ. ಬ್ಯಾಟರಿಗೆ ಹಿಂದಿನ ದಿನ ಏನು ಹಾಕಿದ್ದೆ ಅಂತ ಕೇಳಿದೆ. "ಆಸಿಡ್ ಕಮ್ಮಿ ಆಗಿತ್ತಕ್ಕ, ತುಂಬುಸ್ದೆ. ಹಬ್ಬದ್ ದಿನ ಅರೆಹೊಟ್ಟೇಲಿ ಮಡುಗ್ಬಾರ್ದು ಅಂತ ಕಂಠಮಟ್ಟ ತುಂಬುಸ್ಬುಟ್ಟೆ" ಅಂದ. ಮುಚ್ಚಳ? "ಉಜ್ಜಕ್ಕೆ ಬಿಚ್ಚಿದ್ದೆ, ಸಡ್ಲ ಇತ್ತೇನೋ."

ಉತ್ತರಕಾಶಿಯಲ್ಲಿ ನಮ್ಮ ಉಸ್ತಾದರು ಮೊದಲ ದಿನ ಹೇಳಿದ ಪಾಠ ಇದೇ. ನೈಲಾನಿಗೆ ಆಸಿಡ್ ತಗುಲಿದರೆ ಗೊತ್ತಾಗುವುದಿಲ್ಲ. ಬಣ್ಣ ಮಾಸುವುದಿಲ್ಲ, ಎಳೆ ಏಳುವುದಿಲ್ಲ, ಕೈಗೆ ಮೊದಲಿನ ಹಾಗೇ ಗಟ್ಟಿಯಾಗಿರುತ್ತದೆ. ಒಳಗೆ ಮಾತ್ರ ಸತ್ತಿರುತ್ತದೆ. ಬಿದ್ದವನ ಭಾರ ಬಂದಾಗಲೇ ಗೊತ್ತಾಗುವುದು. ಅನುಮಾನ ಬಂದರೆ ಸಾಕು, ಕತ್ತರಿಸಿ ಬಿಸಾಡಿ ಅನ್ನುತ್ತಿದ್ದರು. ಯಾವ ಪಟ್ಟಿ ಬ್ಯಾಟರಿಯ ಹತ್ತಿರ ಇತ್ತು, ಯಾವುದು ದೂರ ಇತ್ತು ಎಂದು ಹೇಳಲು ಈಗ ಆಗುವುದಿಲ್ಲ. ನಾನೇ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಿದ್ದೇನೆ.

ನಾಳೆ ಬೆಳಿಗ್ಗೆ ಮೊದಲ ಕೆಲಸ ನಾಗಭೂಷಣ್‌ಗೆ ಹೇಳುವುದು. ಅಷ್ಟೂ ಪಟ್ಟಿ ಕತ್ತರಿಗೆ. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಅಕ್ಟೋಬರ್ 7, ಮಂಗಳವಾರ

ಹೇಳಿದೆ. ಬೈಯುತ್ತಾರೆ, ಕೂಗಾಡುತ್ತಾರೆ ಅಂದುಕೊಂಡಿದ್ದೆ. ನಾಗಭೂಷಣ್ ಏನೂ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ಬಂಡೆಯನ್ನೇ ನೋಡಿದರು. ಹೊಸ ಪಟ್ಟಿ ಯಾವಾಗ ಬರುತ್ತೆ ಅಂತ ಕೇಳಿದರು. ಹೊರದೇಶದ ಮಾಲು, ದೆಹಲಿಯವನು ಡಿಸೆಂಬರ್ ಅನ್ನುತ್ತಾನೆ, ಬೇರೆ ಕ್ಯಾಂಪಿನವರು ಸೀಸನ್ನಿನಲ್ಲಿ ಸಾಲ ಕೊಡುವುದಿಲ್ಲ ಎಂದೆ.

"ನೋಡಿ ಲೋಹಿತಾ ಅವ್ರೇ, ದಸರಾಗೆ ಅಂತ ಕರೆದು ಇಲ್ಲ ಅಂದೆ. ಪಾವಗಡದ ಕಾಲೇಜಿನವ್ರು ಬಸ್ ಬುಕ್ ಮಾಡಿದ್ದು ಕ್ಯಾನ್ಸಲ್ ಮಾಡಿಸ್ದೆ. ಈಗ ಇನ್ನೊಂದ್ಸಲ ಇಲ್ಲ ಅಂದ್ರೆ ಜನ ನನ್ನ ಮುಖಕ್ಕೆ ಉಗೀತಾರೆ, ನಾನು ಕೈ ಎತ್ತಿಬಿಡ್ತೀನಿ. ಕಂಬಿ ಕಿತ್ತು ಗುಜರಿಗೆ ಹಾಕ್ತೀನಿ. ಆದ್ರೆ ಹತ್ತಿಸೋದು ನೀವು. ನೀವು ಬೇಡ ಅಂದ್ರೆ ಬೇಡ. ನಾನು ಒಂದು ಮಾತೂ ಆಡಲ್ಲ."

ಬೇಡ ಎನ್ನಲು ಬಾಯಿ ತೆರೆದೆ. ಇನ್ನೊಂದು ಸಲ ಸರಿಯಾಗಿ ನೋಡಿ ಹೇಳ್ತೀನಿ ಸಾರ್ ಅಂದೆ. ಇದರಲ್ಲಿ ತಪ್ಪೇನಿಲ್ಲ. ನೋಡದೆ ಹೇಳುವುದಕ್ಕಿಂತ ನೋಡಿ ಹೇಳುವುದು ಒಳ್ಳೆಯದು.

ಅಕ್ಟೋಬರ್ 10, ಶುಕ್ರವಾರ

ಇವತ್ತು ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಪ್ರತಿಯೊಂದು ಪಟ್ಟಿಯನ್ನೂ ಬೆರಳಿನ ನಡುವೆ ಎಳೆದು ನೋಡಿದೆ. ಮೂಸಿದೆ. ಸೋಪಿನ ವಾಸನೆ. ಹುಣಸೇಮರದ ಕೊಂಬೆಗೆ ಒಂದೊಂದನ್ನೇ ಸಿಕ್ಕಿಸಿ, ನನ್ನ ಪೂರ್ತಿ ಭಾರ ಬಿಟ್ಟು ಜೋತುಬಿದ್ದೆ. ಎಲ್ಲವೂ ತಡೆದವು.

ಜೋತುಬೀಳುವುದು ಬೇರೆ, ಮೇಲಿಂದ ಬೀಳುವುದು ಬೇರೆ ಎಂದು ನನಗೆ ಗೊತ್ತಿದೆ. ಬೀಳುವವನ ಭಾರ ಎಷ್ಟೋ ಪಟ್ಟು ಹೆಚ್ಚು. ಹಾಗೆ ಬೀಳಿಸಿ ಪರೀಕ್ಷೆ ಮಾಡಿದರೆ ಆ ಪಟ್ಟಿ ಅಲ್ಲಿಗೆ ಮುಗಿಯಿತು, ಮತ್ತೆ ಬಳಸುವಂತಿಲ್ಲ. ಪರೀಕ್ಷೆ ಮಾಡಿದ್ದನ್ನು ಕೊಡುವಂತಿಲ್ಲ, ಕೊಡುವುದನ್ನು ಪರೀಕ್ಷೆ ಮಾಡುವಂತಿಲ್ಲ. ಒಳ್ಳೆಯ ಫಜೀತಿ.

ಒಂದನ್ನು ಮಾತ್ರ ಹಾಗೆ ಪರೀಕ್ಷೆ ಮಾಡಿದೆ. ಮರಳು ಮೂಟೆ ಕಟ್ಟಿ ಮೇಲಿಂದ ಬಿಟ್ಟೆ. ತಡೆಯಿತು. ಕೊಂಬೆಯೇ ಲಟ್ಟೆಂದಿತು, ಪಟ್ಟಿ ಹರಿಯಲಿಲ್ಲ. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಒಂದು ತಡೆದದ್ದರಿಂದ ಎಲ್ಲವೂ ಸರಿ ಎಂದು ಅರ್ಥವಲ್ಲ. ಆದರೆ ಸರಿ ಇಲ್ಲ ಎಂದೂ ಅರ್ಥವಲ್ಲವಲ್ಲ.

ಅಕ್ಟೋಬರ್ 15, ಬುಧವಾರ

ಮಳೆ. ಬಂಡೆ ಕರ್ರಗೆ ಹೊಳೆಯುತ್ತ ನಿಂತಿದೆ, ಈಗಷ್ಟೇ ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ. ಅದಕ್ಕೆ ನಮ್ಮ ಗೊಡವೆ ಇದ್ದಂತಿಲ್ಲ.

ಮಲ್ಲೇಶನಿಗೆ ಬ್ಯಾಟರಿ ವಿಷಯ ಎಲ್ಲೂ ಬಾಯಿ ಬಿಡಬೇಡ ಎಂದೆ. ಸುಮ್ಮಸುಮ್ಮನೆ ಹುಡುಗರನ್ನು ಹೆದರಿಸಿದರೆ ಹೆದರಿಕೆಯಿಂದಲೇ ಕಾಲು ಜಾರುತ್ತದೆ. "ನೀವೇ ಏನೂ ಆಗಲ್ಲ ಅಂದ್ಮೇಲೆ ನಂದೇನಕ್ಕ" ಅಂದ. ಏನೂ ಆಗಲ್ಲ ಅಂತ ನಾನು ಯಾವಾಗ ಅಂದೆ? ಅಂದಿರಬಹುದು.

ಊಟಕ್ಕೆ ಕೂತಾಗ ಪ್ರಿಯಾಂಕ, "ಅಮ್ಮ, ನೀನು ಈ ಸಲ ಹೋಗಲ್ಲ ತಾನೆ?" ಅಂದಳು. ಅನ್ನದ ಮೇಲೆ ಕಣ್ಣಿಟ್ಟೇ ಕೇಳಿದಳು. ಹೋಗಲ್ಲ ಅಂದೆ.

ಅಕ್ಟೋಬರ್ 17, ಶುಕ್ರವಾರ

ನಾಗಭೂಷಣ್ ಕೇಳಿದರು. ಪರವಾಗಿಲ್ಲ ಸಾರ್, ನಡೆಸಬಹುದು ಎಂದೆ. ಅವರು ನನ್ನ ಕೈ ಹಿಡಿದು ಕುಲುಕಿದರು.

ಅಕ್ಟೋಬರ್ 22, ಬುಧವಾರ

ಬಲಿಪಾಡ್ಯಮಿ. ಅಯಾಜ್, ತಮನ್ನಾ ಇಬ್ಬರೂ ಶಿರಾದಿಂದ ಬೈಕಿನಲ್ಲಿ ಬಂದಿದ್ದರು. ಅಮ್ಮ ಹೋಳಿಗೆ ಬಡಿಸುತ್ತ, "ಇನ್ನೊಂದ್ ಹಾಕ್ಕಳಪ್ಪ, ಬಂಡೆ ಹತ್ತೋನು ನೀನು" ಎಂದು ತುಪ್ಪ ಸುರಿದಳು. ತಮನ್ನಾ ಹೆಚ್ಚು ಮಾತಿನವಳಲ್ಲ. ಗಂಡ ಎದ್ದು ಕೈ ತೊಳೆಯಲು ಹೋದಾಗ ನನ್ನ ಪಕ್ಕ ಸರಿದು, "ಅಕ್ಕ, ಇವ್ರು ಮನೇಲಿ ಏನೂ ಹೇಳಲ್ಲ. ಡೇಂಜರ್ ಏನಿಲ್ಲ ತಾನೆ?" ಅಂದಳು.

"ನಾನಿಲ್ವೇನಮ್ಮ" ಅಂದೆ. ಅವಳು ನಕ್ಕಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಈ ಐದು ದಿನ ಗೈಡ್ ಹುಡುಗರು ಅದೇ ಪಟ್ಟಿ ಹಾಕಿಕೊಂಡು ಹತ್ತಿ ಇಳಿದು ಅಭ್ಯಾಸ ಮಾಡಿದ್ದಾರೆ. ಏನೂ ಆಗಿಲ್ಲ. ಏನೂ ಆಗದಿರುವುದು ಯಾರೂ ಬೀಳದೆ ಇರುವುದರಿಂದ ಅಷ್ಟೇ ಎಂದು ಒಳಗೊಂದು ದನಿ ಹೇಳುತ್ತದೆ. ಅದಕ್ಕೂ ಉತ್ತರವಿದೆ, ಬೀಳದ ಹಾಗೆ ಕಲಿಸಿರುವವಳು ನಾನು.

ಅಕ್ಟೋಬರ್ 26, ಭಾನುವಾರ

ಒಂದು ಪಟ್ಟಿಯ ಹೊಲಿಗೆಯ ಹತ್ತಿರ ಎಳೆ ಎದ್ದಿತ್ತು. ಉಗುರಿನಿಂದ ಕೆರೆದೆ. ಹೊಟ್ಟಿನ ಹಾಗೆ ಉದುರಿತು. ಯಾರಿಗೂ ತೋರಿಸದೆ ಚೀಲಕ್ಕೆ ಹಾಕಿಕೊಂಡು ಬಂದು ಬಚ್ಚಲ ಒಲೆಗೆ ತುರುಕಿದೆ. ಕಪ್ಪು ಹೊಗೆ ಎದ್ದು ಅಮ್ಮ ಕೆಮ್ಮುತ್ತ, "ಏನೇ ಅದು ಸುಡ್ತಿರೋದು?" ಅಂದಳು. ಹಳೇ ಚಪ್ಪಲಿ ಅಂದೆ.

ಸಮಾಧಾನವಾಯಿತು. ಕೆಟ್ಟದ್ದು ಯಾವುದು ಎಂದು ಇಷ್ಟು ದಿನ ಗೊತ್ತಾಗುತ್ತಿರಲಿಲ್ಲ. ಈಗ ತಾನಾಗಿಯೇ ಹೊರಗೆ ಬಂತು. ಬ್ಯಾಟರಿಯ ಬುಡದಲ್ಲಿ ಇದ್ದದ್ದು ಅದೇ ಇರಬೇಕು. ಉಳಿದವು ಚೆನ್ನಾಗಿವೆ.

ಅಕ್ಟೋಬರ್ 30, ಗುರುವಾರ

ಶಾಮಿಯಾನ ಬಂತು. ಕನ್ನಡ ಬಾವುಟ, ಮೈಕು, ಪ್ಲಾಸ್ಟಿಕ್ ಕುರ್ಚಿ ಎಲ್ಲ ಬಂತು. ಮಲ್ಲೇಶ ಬಾಯ್ತುಂಬ ಲೋಹಿತಕ್ಕ ಲೋಹಿತಕ್ಕ ಎನ್ನುತ್ತ ಓಡಾಡುತ್ತಿದ್ದಾನೆ. ಬೇಡಮ್ಮ ಎಂಬ ಮಾತು ಕೇಳಿ ಎಷ್ಟು ದಿನವಾಯಿತೋ. ಒಂದು ಕೆಲಸವನ್ನು ನಡೆಯುವ ಹಾಗೆ ಮಾಡುವುದೂ ಕಷ್ಟವೇ, ನಿಲ್ಲಿಸುವುದು ಯಾರ ಕೈಲಾದರೂ ಆಗುತ್ತದೆ. ಉಸ್ತಾದರು ಎಲ್ಲದಕ್ಕೂ ಹೆದರುತ್ತಿದ್ದರು, ವಯಸ್ಸಾಗಿತ್ತು.

ಮೊದಲು ಅಯಾಜ್ ಹತ್ತುವುದು, ಅವನ ಹಿಂದೆ ಪ್ರಿಯಾಂಕ, ಅವಳ ಹಿಂದೆ ಪಾವಗಡದ ಕಾಲೇಜು ಹುಡುಗರು. ತಂತಿದಾರಿ ಹತ್ತಿದ ಮೊದಲ ಹುಡುಗಿ ನಮ್ಮೂರವಳೇ ಆಗಲಿ ಎಂಬುದು ನಾಗಭೂಷಣ್ ಆಸೆ. ಪ್ರಿಯಾಂಕ ಮನೆಯ ಮೆಟ್ಟಿಲ ಮೇಲೆ ಕೊಕ್ಕೆ ಹಾಕುವುದು, ತೆಗೆಯುವುದು ಅಭ್ಯಾಸ ಮಾಡುತ್ತಿದ್ದಾಳೆ. ಅಮ್ಮ ಮಾತ್ರ ಗೊಣಗುತ್ತಿದ್ದಾಳೆ. ತೂತುಬಿದ್ದ ಜಮಖಾನ ಮನೆಯಲ್ಲಿ ಇಟ್ಟುಕೊಳ್ಳಬಾರದು, ಎಸೆಯೇ ಅಂದಳು. ನಿನಗೆ ಎಲ್ಲದರಲ್ಲೂ ಅಪಶಕುನ ಎಂದು ರೇಗಿದೆ. ರೇಗಬಾರದಿತ್ತು.

ನವೆಂಬರ್ 1, ಶನಿವಾರ, ಬೆಳಿಗ್ಗೆ

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೈಕಿನಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲಿ ಎನ್ನುತ್ತಿದ್ದಾರೆ, ಇನ್ನೂ ಯಾರೂ ಕೂತೇ ಇಲ್ಲ. ಬಿಸಿಲು ಚೆನ್ನಾಗಿದೆ, ಬಂಡೆ ಒಣಗಿದೆ. ಬೆಳಗಿನ ತಿಂಡಿ ನನಗೆ ಸೇರಲಿಲ್ಲ, ಜನ ನೋಡಿ ಗಾಬರಿ ಇರಬೇಕು.

ಎಲ್ಲರಿಗೂ ಸೆಟ್ಟು ಹಂಚಿದೆ. ಪ್ರಿಯಾಂಕಳಿಗೆ ಮನೆಯಿಂದ ತಂದಿದ್ದ ನನ್ನದೇ ಸೆಟ್ಟು ಕೊಟ್ಟೆ. ಅಳತೆ ಅವಳಿಗೆ ಅದೇ ಸರಿಹೋಗುತ್ತದೆ. ಸೊಂಟದ ಬೆಲ್ಟನ್ನು ಕೊನೆಯವರೆಗೆ ಎಳೆದು, ಉಳಿದ ತುದಿಯನ್ನು ಗಂಟು ಹಾಕಬೇಕಾಯಿತು, ಅಷ್ಟೇ. ಅಯಾಜ್ ಅದನ್ನು ನೋಡಿ, "ಏನಕ್ಕ, ಮಗಳಿಗೆ ಮಾತ್ರ ಸ್ಪೆಷಲ್ಲು?" ಎಂದು ನಕ್ಕ. ನಾನೂ ನಕ್ಕೆ. ಅವನು ರಾಶಿಯಿಂದ ಕೈಗೆ ಸಿಕ್ಕಿದ ಒಂದನ್ನು ತೆಗೆದುಕೊಂಡು ಹಾಕಿಕೊಂಡ. ಎಳೆದು ಕೂಡ ನೋಡಲಿಲ್ಲ.

ಕರೆಯುತ್ತಿದ್ದಾರೆ. ಹೋಗಬೇಕು.

ನವೆಂಬರ್ 2, ಭಾನುವಾರ

ಬರೆಯಲು ಆಗುತ್ತಿಲ್ಲ.

ನವೆಂಬರ್ 4, ಮಂಗಳವಾರ

ಬರೆದರೆ ತಲೆಯಿಂದ ಇಳಿಯಬಹುದು.

ಬಂಡೆಗೆ ಅಡ್ಡ ಸಾಗುವ ಕಡೆ ಪ್ರಿಯಾಂಕಳ ಕಾಲು ಕಂಬಿಯಿಂದ ಜಾರಿತು. ನಾನು ಕೆಳಗೆ ನಿಂತಿದ್ದೆ. ಅವಳ ಕಿರುಚಾಟ ಮೊದಲು ಕೇಳಿತು, ಆಮೇಲೆ ತಂತಿ ಝಣ್ ಎಂದದ್ದು. ಅವಳು ನನ್ನ ಪಟ್ಟಿಯಲ್ಲಿ ತೂಗಾಡುತ್ತಿದ್ದಳು. ಪಟ್ಟಿ ಹಿಡಿದುಕೊಂಡಿತು.

ಅಯಾಜ್ ಮುಂದೆ ಹೋಗಿದ್ದವನು ತಿರುಗಿ ಬಂದ. "ಅಳಬ್ಯಾಡ ಪುಟ್ಟಿ, ನನ್ನ ನೋಡು, ಕೆಳಿಕ್ಕೆ ನೋಡ್ಬ್ಯಾಡ" ಅಂದದ್ದು ನಮಗೆಲ್ಲ ಕೇಳಿಸಿತು. ಎರಡೂ ಕೈ ಬಿಟ್ಟು ಬಗ್ಗಿ ಅವಳ ತೋಳು ಹಿಡಿದು ಎತ್ತಿದ. ಅವಳ ಕಾಲು ಕಂಬಿಗೆ ಸಿಕ್ಕಿತು, ಕೈ ತಂತಿ ಹಿಡಿಯಿತು. ಆಮೇಲೆ ಅವನ ಕಾಲು ಜಾರಿತು. ಒಂದು ಮೊಳ ಜಾರಿದನೋ ಇಲ್ಲವೋ. ಎರಡು ಪಟ್ಟಿಯೂ ಸೇರುವ ಬುಡದಲ್ಲಿ ಹರಿಯಿತು. ಸದ್ದು ಕೂಡ ಆಗಲಿಲ್ಲ. ಕೊಕ್ಕೆಗಳು ತಂತಿಯಲ್ಲೇ ಉಳಿದವು, ಅವನು ಮಾತ್ರ ಹೋದ.

ಕೆಳಗಿನ ಚಾಚುಬಂಡೆಯ ಮೇಲೆ ಬಿದ್ದ. ಜೀವ ಇದೆ. ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿಲ್ಲವಂತೆ.

ಉಳಿದವರನ್ನೆಲ್ಲ ನಾನೇ ಹತ್ತಿ, ಬೇರೆ ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ಇಳಿಸಿದೆ. ಪ್ರಿಯಾಂಕಳನ್ನು ಮೊದಲು ಇಳಿಸಿದೆ. ಅವಳು ಎಲ್ಲರಿಗಿಂತ ಮೇಲೆ ಇದ್ದಳು, ಹಾಗಾಗಿ ನಡುವೆ ಇದ್ದ ಹುಡುಗರನ್ನು ದಾಟಿಕೊಂಡು ಹೋಗಬೇಕಾಯಿತು.

ಪೊಲೀಸಿನವರು ಸಾಮಾನು ಚೆಕ್ ಮಾಡಿದ್ದಿರಾ ಎಂದು ಕೇಳಿದರು. ಮಾಡಿದ್ದೆ ಅಂದೆ. ಮಾಡಿದ್ದೆನಲ್ಲ. ನಾಗಭೂಷಣ್ ಪಕ್ಕದಲ್ಲೇ ನಿಂತಿದ್ದರು, ನನ್ನ ಮುಖ ನೋಡಲಿಲ್ಲ. ಅವರಿಗೂ ಎಲ್ಲ ಗೊತ್ತಿತ್ತು. ಮಾಲೀಕರು ಅವರು, ಬೇಡ ಎನ್ನಬಹುದಿತ್ತು. ಮಲ್ಲೇಶ ಪಾವಗಡದ ಹೆಂಡತಿ ಮನೆಗೆ ಹೋದವನು ಫೋನ್ ಎತ್ತುತ್ತಿಲ್ಲ. ಮುಚ್ಚಳ ಬಿಗಿ ಮಾಡದವನು ಅವನು. ಎಲ್ಲರೂ ನನ್ನೊಬ್ಬಳ ಕಡೆ ನೋಡಿದರೆ ನಾನೇನು ಮಾಡಲಿ.

ಪ್ರಿಯಾಂಕ ನನ್ನ ಸೆರಗು ಬಿಡುತ್ತಿಲ್ಲ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತಿರುತ್ತಾಳೆ.

ನವೆಂಬರ್ 9, ಭಾನುವಾರ

ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆವು. ಪ್ರಿಯಾಂಕ ಅಯಾಜ್ ಮಾಮನನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದಳು. ಅಮ್ಮ ಡಬ್ಬಿಯಲ್ಲಿ ರಾಗಿ ಗಂಜಿ ಕೊಟ್ಟಿದ್ದಳು.

ಅವನು ಅಂಗಾತ ಮಲಗಿದ್ದ. ಗಡ್ಡ ಬೆಳೆದಿತ್ತು. ನಮ್ಮನ್ನು ನೋಡಿ ಮುಖ ಅರಳಿತು. ನನಗೆ ಅದೇ ತಡೆಯಲಾಗಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

"ಬಾ ಪುಟ್ಟಿ, ಬಾ" ಅಂದ. ಪ್ರಿಯಾಂಕಳ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಅವತ್ತು ಇವಳಿಗೆ ನಿಮ್ದು ಹಾಕುಸಿದ್ರಲ್ಲ ಅಕ್ಕ, ಒಳ್ಳೇದಾಯ್ತು ಬುಡಿ. ಅಲ್ಲಾ ದೊಡ್ಡೋನು. ಈ ಮಗುಗೆ ಏನಾರ ಆಗಿದ್ರೆ ನಾನ್ ಬದುಕಿದ್ದೂ ದಂಡ ಆಗಿರೋದು. ನಿಮ್ಗೆ ಏನೋ ಅನ್ಸಿರ್ಬೇಕು. ತಾಯಿ ಕರುಳು" ಅಂದ.

ಹೂಂ ಅಂದೆ.

ತಮನ್ನಾ ಮಂಚದ ಕಾಲಬದಿಯಲ್ಲಿ ನಿಂತು ಅವನ ಪಾದ ಒತ್ತುತ್ತಿದ್ದಳು. ಗೊತ್ತಾಗುವುದಿಲ್ಲ ಎಂದು ಡಾಕ್ಟರು ಹೇಳಿದರೂ ಒತ್ತುತ್ತಾಳಂತೆ. ಕೈ ನಿಲ್ಲಿಸಿ ತಲೆ ಎತ್ತಿದಳು.

"ಏನ್ ಅನ್ಸಿತ್ತು ಅಕ್ಕ, ನಿಮ್ಗೆ?"

ಕೋಪವಿರಲಿಲ್ಲ ದನಿಯಲ್ಲಿ. ತಿಳಿದುಕೊಳ್ಳಬೇಕು ಎಂಬ ಹಾಗೆ ಕೇಳಿದಳು.

"ಏನಿಲ್ಲಮ್ಮ. ಅನ್ಸೋದೇನು. ಅಳತೆ ಅವಳಿಗೆ ಅದೇ ಸರಿಹೋಗ್ತಿತ್ತು, ಅದುಕ್ಕೆ ಕೊಟ್ಟೆ" ಅಂದೆ.

ಪ್ರಿಯಾಂಕ ಡಬ್ಬಿ ಬಿಚ್ಚುತ್ತಿದ್ದವಳು ತಲೆಯೆತ್ತಿದಳು. "ಇಲ್ಲಮ್ಮ, ಎಲ್ಲಿ ಸರಿಹೋಗ್ತಿತ್ತು? ಎಷ್ಟ್ ಸಡ್ಲ ಇತ್ತು! ನನಗೆ ಚಿಕ್ಕ ಸೈಜಿಂದು ರಾಶೀಲಿ ಇತ್ತಲ್ಲ, ಅದು ಹಾಕ್ಕೊತೀನಿ ಅಂದೆ. ನೀನೇ ಕಿತ್ಕೊಂಡು, ಅದು ಬೇಡ ಬೇಡ ಅಂತ ಇದನ್ನ ಗಂಟು ಹಾಕಿ ಕಟ್ಟಿದ್ದು."

ಪಕ್ಕದ ಮಂಚದವರ ಫೋನಿನಲ್ಲಿ ಯಾವುದೋ ಧಾರಾವಾಹಿ ನಡೆಯುತ್ತಿತ್ತು. ತಮನ್ನಾ ನನ್ನನ್ನೇ ನೋಡುತ್ತಿದ್ದಳು. ಅಯಾಜ್ ಪ್ರಿಯಾಂಕಳನ್ನು ನೋಡಿದ, ಆಮೇಲೆ ನನ್ನನ್ನು. ಅವನ ಮುಖದ ನಗು ಒಂದೇ ಸಲ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇತ್ತು, ಏನೋ ಲೆಕ್ಕ ಹಾಕುವವನ ಮುಖದಲ್ಲಿ ಮರೆತು ಉಳಿದ ಹಾಗೆ. ಪ್ರಿಯಾಂಕಳ ಕೈಯನ್ನು ಮೆಲ್ಲಗೆ ಬಿಟ್ಟ.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಹೊತ್ತಾಗಿರಲಿಲ್ಲ.